ಅಮ್ಮಿಗೊಂದು ಬಿಸಿಲ ಪಡಸಾಲೆ

ಉರ್ದು ಶಾಲೆಯಲ್ಲಿದ್ದಾಗ ನಾನು ಕಲಿತ ಪದ ‘ರೋಶನ್‌ದಾನ್’. ಎಲೆ ಅಡಿಕೆ ಇಡುವುದು ಪಾನ್‌ದಾನ್, ಹೂವು ಇಡುವುದು ಗುಲ್‌ದಾನ್, ಹಾಗೆಯೇ ಬೆಳಕು ಇಡುವುದು ರೋಶನ್‌ದಾನ್. ಹೈಸ್ಕೂಲಿಗೆಂದು ಕನ್ನಡ ಮಾಧ್ಯಮಕ್ಕೆ ಬಂದಾಗ ಅದಕ್ಕೆ ‘ಗವಾಕ್ಷ’ ಎಂಬ ಹೆಸರೂ ಇದೆಯೆಂದು, ಹಸುವಿನ ಕಣ್ಣು ಎಂಬುದು ಅದರ ಅರ್ಥವೆಂದು ಗುರುಗಳು ಬಿಡಿಸಿ ಹೇಳಿದರು. ಇಳಕಲ್ಲಿನ ನಮ್ಮ ಓಣಿಯಲ್ಲಿ ಮಾತ್ರ ಹಿಂದೂಗಳಿಗೂ ಮುಸ್ಲಿಮರಿಗೂ ಅದು ಬೆಳಕಿಂಡಿಯೇ. ಹೆಸರು ಮೂರಾದರೂ ಮಾಳಿಗೆಗೆ ಬಿಟ್ಟ ಕಿಂಡಿ ಒಂದೇ. ಅದರಿಂದ ಇಳಿಯುತ್ತಿದ್ದ ಮೊಳದಷ್ಟು ಬೆಳಕಿನಲ್ಲಿ ನಮ್ಮ ಕಡೆಯ ಹೆಂಗಸರ ಅರ್ಧ ಆಯುಷ್ಯ ಕಳೆದಿದೆ.

ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಹಳೆಯ ಮನೆಗಳನ್ನು ನೋಡಿದವರಿಗೆ ಇದು ಹೊಸ ಸಂಗತಿಯಲ್ಲ. ಕಲ್ಲು ಮಣ್ಣಿನಿಂದ ಕಟ್ಟಿದ ಎರಡು ಅಡಿ ದಪ್ಪದ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಅವುಗಳ ಮೇಲೆ ಸವಳು ಮಣ್ಣು ಹಾಸಿದ ಮಾಳಿಗೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಿವು. ದಪ್ಪ ಗೋಡೆಯೂ ಮಣ್ಣಿನ ಮಾಳಿಗೆಯೂ ಹಗಲಿನ ಕಾವನ್ನು ಬೇಗ ಒಳಗೆ ಬಿಡುವುದಿಲ್ಲ. ಆ ತಂಪಿಗೆ ನಾವು ತೆತ್ತ ಬೆಲೆ ಕತ್ತಲು. ಗೋಡೆಗೆ ಕಿಟಕಿ ಕಡಿಮೆ, ಇದ್ದರೂ ಸಣ್ಣವು. ಮನೆಗೆ ಬೆಳಕು ಬರುತ್ತಿದ್ದುದು ಮೇಲಿನ ಬೆಳಕಿಂಡಿಯಿಂದ ಮತ್ತು ತಲಬಾಗಿಲಿನಿಂದ. ತಲಬಾಗಿಲಿನ ಎರಡೂ ಬದಿಗೆ ಓಣಿಗೆ ಮುಖ ಮಾಡಿದ ಕಟ್ಟೆ. ಕಟ್ಟೆಯ ಬೆಳಕು ಗಂಡಸರದು, ಬೆಳಕಿಂಡಿಯ ಬೆಳಕು ಹೆಂಗಸರದು. ಹೀಗೆಂದು ಯಾರೂ ಬರೆದಿಟ್ಟಿರಲಿಲ್ಲ. ಆದರೆ ನಮ್ಮ ಓಣಿಯ ಹೆಚ್ಚಿನ ಮನೆಗಳಲ್ಲಿ, ಯಾವ ಜಾತಿಯವರದೇ ಇರಲಿ, ಹೀಗೇ ನಡೆದುಕೊಂಡು ಬಂದಿತ್ತು.

ನಮ್ಮ ಮನೆಯಲ್ಲಿ ಅದಕ್ಕೆ ಪರದೆಯೂ ಸೇರಿಕೊಂಡಿತ್ತು. ತಲಬಾಗಿಲಿಗೆ ಗೋಣಿತಟ್ಟಿನ ಪರದೆ. ಅಬ್ಬಾ ಉರ್ದು ಪ್ರಾಥಮಿಕ ಶಾಲೆಯ ಮಾಸ್ತರರು. ಅವರ ಸಂಬಳದಲ್ಲಿ ನಾಲ್ಕು ಮಕ್ಕಳ ಸಂಸಾರ ನಡೆಯುತ್ತಿರಲಿಲ್ಲವಾದ್ದರಿಂದ ಅಮ್ಮಿ ಪಕ್ಕದ ನೇಕಾರರ ಮನೆಯಿಂದ ನೂಲು ತರಿಸಿಕೊಂಡು ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಬೆಳಕಿಂಡಿಯ ಕೆಳಗೆ ರಾಟಿ ಇಟ್ಟುಕೊಂಡು ಕೂತರೆ, ನೆಲದ ಮೇಲಿನ ಬೆಳಕು ಸರಿದಂತೆ ಅವಳೂ ರಾಟಿಯನ್ನು ಸರಿಸಿಕೊಳ್ಳುತ್ತ ಹೋಗುತ್ತಿದ್ದಳು. ಇಳಕಲ್ ಸೀರೆ ಎಂದೊಡನೆ ಜನ ಅದರ ಕೆಂಪು ಟೋಪ್ ತೆನಿ ಸೆರಗನ್ನು, ಒಡಲಿನ ಎಳೆಗೆ ಸೆರಗಿನ ಎಳೆ ಜೋಡಿಸುವ ಕೊಂಡಿಯನ್ನು ಹೊಗಳುತ್ತಾರೆ. ಆ ಒಂದೊಂದು ಎಳೆಯ ಹಿಂದೆ ಎಷ್ಟು ಕಣ್ಣುಗಳ ಬೆಳಕು ಖರ್ಚಾಗಿದೆ ಎಂಬ ಲೆಕ್ಕ ಮಾತ್ರ ಯಾವ ಅಂಗಡಿಯ ಬಿಲ್ಲಿನಲ್ಲೂ ಇರುವುದಿಲ್ಲ.

ಆ ಗೋಣಿತಟ್ಟಿನ ಪರದೆಯಲ್ಲಿ, ನೆಲದ ಮೇಲೆ ಕೂತವರ ಕಣ್ಣಿನ ಎತ್ತರಕ್ಕೆ ಸರಿಯಾಗಿ ಒಂದು ಹರಕು ಇತ್ತು. ಎರಡು ಬೆರಳಿನಷ್ಟು ಅಗಲ. ಮನೆಮಂದಿಯ ಬಟ್ಟೆಗಳನ್ನೆಲ್ಲ ಹೊಲಿದು ತೇಪೆ ಹಾಕುತ್ತಿದ್ದ ಅಮ್ಮಿ ಆ ಹರಕನ್ನು ಮಾತ್ರ ಎಂದೂ ಹೊಲಿಯಲಿಲ್ಲ. ಹೊಲಿ ಎಂದು ಅಬ್ಬಾ ಕೂಡ ಹೇಳಲಿಲ್ಲ. ಪರದೆ ಹಳತಾಗಿ ಹೊಸದು ಬಂದಾಗ, ಒಂದು ವಾರದೊಳಗೆ ಅದರಲ್ಲೂ ಅದೇ ಎತ್ತರದಲ್ಲಿ ಒಂದು ಹರಕು ಕಾಣಿಸಿಕೊಂಡಿತು. ಕಥೆ ಬರೆಯುವವಳಾಗಿ ನಾನು ನಮ್ಮ ಹೆಂಗಸರ ಬಗ್ಗೆ ಬರೆದ ಎಷ್ಟೋ ಪುಟಗಳಿಗಿಂತ ಆ ಹರಕೇ ಹೆಚ್ಚು ಹೇಳುತ್ತದೆ ಎಂದು ನನಗೆ ಅನೇಕ ಸಲ ಅನಿಸಿದೆ.

ಈಗ ಅಬ್ಬಾ ಇಲ್ಲ. ಅಮ್ಮಿಗೆ ಎಪ್ಪತ್ತು ದಾಟಿದೆ. ಗೋಣಿತಟ್ಟು ಹೋಗಿ ಬಟ್ಟೆಯ ಪರದೆ ಬಂದು, ಅದೂ ಹೋಗಿ ಎಷ್ಟೋ ವರ್ಷವಾಯಿತು. ಆದರೆ ಅವಳ ಜಾಗ ಬೆಳಕಿಂಡಿಯ ಕೆಳಗೇ ಉಳಿದಿತ್ತು. ಎರಡು ವರ್ಷಗಳ ಹಿಂದೆ ಮೊಣಕಾಲು, ಸೊಂಟದ ನೋವು ವಿಪರೀತವಾಗಿ, ಎದ್ದು ನಿಲ್ಲುವುದೇ ಕಷ್ಟವಾದಾಗ ಬಾಗಲಕೋಟೆಯ ವೈದ್ಯರೊಬ್ಬರಿಗೆ ತೋರಿಸಿದೆವು. ರಕ್ತ ಪರೀಕ್ಷೆಯಲ್ಲಿ ಡಿ ವಿಟಮಿನ್ ತೀರ ಕಡಿಮೆ ಎಂದು ಬಂತು. ಇಷ್ಟೊಂದು ಬಿಸಿಲಿನ ನಾಡಿನಲ್ಲಿ ಬಿಸಿಲಿನಿಂದ ಸಿಗುವ ವಿಟಮಿನ್ನಿಗೇ ಬರವೇ ಎಂದು ನಾನು ಕೇಳಿದೆ. ಮೈತುಂಬ ಬಟ್ಟೆ ಹೊದ್ದು ಮನೆಯೊಳಗೇ ಇರುವ ಹೆಂಗಸರಲ್ಲಿ ಇದು ಸಾಮಾನ್ಯ, ಆದರೆ ಬುರ್ಖಾದವರದಷ್ಟೇ ಕಾಯಿಲೆ ಎಂದು ತಿಳಿಯಬೇಡಿ, ಬೆಂಗಳೂರಿನ ಆಫೀಸುಗಳಲ್ಲಿ ಹಗಲೆಲ್ಲ ಕೂತಿರುವ ಗಂಡಸರಲ್ಲೂ ಇದೆ ಎಂದು ಅವರು ನಕ್ಕರು. ಗುಳಿಗೆ ಬರೆದುಕೊಟ್ಟು, ಅದರ ಜೊತೆಗೆ ದಿನವೂ ಸ್ವಲ್ಪ ಹೊತ್ತು ಬಿಸಿಲಿಗೆ ಕೂಡಿಸಿ ಎಂದರು.

ಎಲ್ಲಿ ಕೂಡಿಸುವುದು? ಮಾಳಿಗೆ ಹತ್ತಲು ಅವಳಿಂದ ಆಗದು. ಹಿತ್ತಲಲ್ಲಿ ಬಚ್ಚಲು, ನೀರಿನ ಟಾಕಿ, ಅದರಾಚೆ ಪಕ್ಕದವರು ಎತ್ತರಕ್ಕೆ ಕಟ್ಟಿಸಿದ ಮನೆಯ ಗೋಡೆ. ಉಳಿದದ್ದು ಮುಂದಿನ ಕಟ್ಟೆ. ನಮ್ಮ ಮನೆಯ ಬಾಗಿಲು ತೆಂಕಣಕ್ಕಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಮಗ ಮೊಬೈಲಿನಲ್ಲಿ ಚಿತ್ರಗಳನ್ನು ಹಿಡಿದುಕೊಂಡು ಬಂದ. ಅಲ್ಯೂಮಿನಿಯಂ ಚೌಕಟ್ಟು, ನೆಲದಿಂದ ಮೇಲಿನವರೆಗೆ ಗಾಜು, ಒಳಗೆ ಬೆತ್ತದ ಕುರ್ಚಿ, ಹೂಕುಂಡ. ಹೊರದೇಶಗಳಲ್ಲಿ ಇದನ್ನು ಸನ್‌ರೂಮ್ ಎನ್ನುತ್ತಾರಂತೆ. ಎರಡೂ ಕಟ್ಟೆಗಳನ್ನು ಸೇರಿಸಿ ಗಾಜು ಹಾಕಿಸಿಬಿಟ್ಟರೆ ದಾದಿಗೆ ಬಿಸಿಲೂ ಆಯಿತು, ಮನೆಗೆ ಭದ್ರತೆಯೂ ಆಯಿತು ಎಂಬುದು ಅವನ ವಾದ.

ಮನೆಯಲ್ಲಿ ನಾವು ಮಾತಾಡುವುದು ದಖನಿ. ಅಮ್ಮಿ ಆಡಿದ್ದನ್ನು ಓಣಿಯ ಕನ್ನಡದಲ್ಲಿ ಬರೆಯುತ್ತೇನೆ.

“ಕಟ್ಟಿ ಮುಚ್ಚಿದ್ರ ಮಂದಿ ಎಲ್ಲಿ ಕೂಡ್ತಾರೋ ಬೇಟಾ?” ಎಂದಳು.

“ಯಾವ ಮಂದಿ ದಾದಿ? ಯಾರ್ಯಾರೋ ಬರ್ತಾರ, ಕೂಡ್ತಾರ. ಕಾಲ ಮೊದಲಿನಂಗ ಇಲ್ಲ.”

“ಯಾರ್ಯಾರೋ ಅಲ್ಲೋ ಅವರು. ನಿನ್ನ ದಾದಾನ ಕಟ್ಟಿಗೆ ಬಂದೋರು.”

ಹುಡುಗ ನನ್ನತ್ತ ತಿರುಗಿ, “ಫುಪ್ಪು, ನೀವರ ಹೇಳ್ರಿ” ಎಂದ.

ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕಾಲ ಮೊದಲಿನಂತಿಲ್ಲ ಎನ್ನುವುದನ್ನು ಈಗ ಎರಡೂ ಕಡೆಯವರು ತಮ್ಮ ತಮ್ಮ ಮನೆಗಳಲ್ಲಿ ತಗ್ಗಿದ ದನಿಯಲ್ಲಿ ಹೇಳಿಕೊಳ್ಳುತ್ತಾರೆ. ನಾನು ಸೊಸೆಯಾಗಿ ಹೋದದ್ದು ಹಳೆಯ ಬಾಗಲಕೋಟೆಗೆ. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ದಂಡೆಯ ಆ ಊರಿನ ಓಣಿಗಳನ್ನು ನುಂಗಿದಾಗ ಸಾವಿರಾರು ಮನೆಯವರಂತೆ ನಾವೂ ನವನಗರಕ್ಕೆ ಬಂದೆವು. ಬರುವಾಗ ಮಾವನವರು ಹಳೆಯ ಮನೆಯ ತಲಬಾಗಿಲಿನ ಚೌಕಟ್ಟು ಬಿಚ್ಚಿಸಿಕೊಂಡು ಬಂದರು. ಕಟ್ಟೆಯನ್ನು ಬಿಚ್ಚಿ ತರಲಾಗಲಿಲ್ಲ. ಹೊಸ ಊರಿನ ರಸ್ತೆಗಳು ಅಗಲ, ಮನೆಗಳಿಗೆ ಗಾಳಿ ಬೆಳಕು ಧಾರಾಳ. ಆದರೆ ನಮ್ಮ ಸಾಲಿನ ಮನೆಗಳಿಗೆಲ್ಲ ಕಾಂಪೌಂಡು, ಅದರೊಳಗೆ ವರಾಂಡ, ವರಾಂಡಕ್ಕೆ ಗ್ರಿಲ್ಲು, ಗ್ರಿಲ್ಲಿಗೆ ಬೀಗ. ಅಕ್ಕಪಕ್ಕದವರು ಒಳ್ಳೆಯವರೇ. ಆದರೆ ಒಬ್ಬರ ಮನೆಗೆ ಒಬ್ಬರು ಹೋಗಬೇಕಾದರೆ ಈಗ ಒಂದು ಕಾರಣ ಬೇಕು. ಕಟ್ಟೆಗೆ ಕಾರಣ ಬೇಕಿರಲಿಲ್ಲ. ಅದು ಮನೆಯವರದೂ ಹೌದು, ದಾರಿಹೋಕರದೂ ಹೌದು ಎಂಬಂತಿತ್ತು.

ಗಾಜಿನ ಮಾತಿಗೆ ಬರೋಣ. ಚಳಿದೇಶದವರು ಗಾಜಿನ ಕೋಣೆ ಕಟ್ಟಿಕೊಳ್ಳುವುದಕ್ಕೆ ಅರ್ಥವಿದೆ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಬಿಸಿಲು ತಾಗಿ ಕಾದ ನೆಲ, ಗೋಡೆಗಳಿಂದ ಹೊರಡುವ ಶಾಖವನ್ನು ಹೊರಗೆ ಬಿಡುವುದಿಲ್ಲ, ಕಾದ ಗಾಳಿಯನ್ನೂ ಹೋಗಗೊಡುವುದಿಲ್ಲ. ಆರು ತಿಂಗಳು ಸೂರ್ಯನ ಮುಖಕ್ಕಾಗಿ ಹಂಬಲಿಸುವವರಿಗೆ ಅದು ವರ. ಏಪ್ರಿಲ್ ತಿಂಗಳ ಇಳಕಲ್ಲಿನಲ್ಲಿ ಅದು ಭಟ್ಟಿ. ಇನ್ನೊಂದು ಸಂಗತಿ ನಮ್ಮ ಪಾಲಿಗೆ ಅದಕ್ಕಿಂತ ಮುಖ್ಯವಾಗಿತ್ತು. ಚರ್ಮದಲ್ಲಿ ಡಿ ವಿಟಮಿನ್ ಹುಟ್ಟಿಸುವುದು ಬಿಸಿಲಿನಲ್ಲಿರುವ ಯು.ವಿ.ಬಿ. ಎಂಬ ಕಣ್ಣಿಗೆ ಕಾಣದ ಕಿರಣ. ಸಾಮಾನ್ಯ ಕಿಟಕಿಯ ಗಾಜು ಅದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಡೆಯುತ್ತದೆ. ಎಂದರೆ ಗಾಜಿನ ಹಿಂದೆ ದಿನವಿಡೀ ಕೂತವರಿಗೆ ಸೆಕೆ ಸಿಕ್ಕೀತೇ ಹೊರತು ವಿಟಮಿನ್ ಸಿಗುವುದಿಲ್ಲ. ಎಳೆಬಿಸಿಲೇ ಒಳ್ಳೆಯದೆಂದು ನಾವು ನಂಬಿದ್ದೇವೆ. ಮೈಗೆ ಹಿತವಾದದ್ದು ಅದೇ, ನಿಜ. ಆದರೆ ಈ ಕಿರಣ ಎಳೆಬಿಸಿಲಿನಲ್ಲಿ ಬಹಳ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ, ಕೈಕಾಲು ಮುಖಗಳಿಗೆ ನೇರವಾಗಿ, ಸ್ವಲ್ಪ ಹೊತ್ತು ಬಿಸಿಲು ತಾಗಬೇಕು. ಇದನ್ನು ವೈದ್ಯರಿಂದಲೇ ಕೇಳಿಸಿಕೊಂಡ ಮೇಲೆ ಹುಡುಗ ಗಾಜಿನ ಚಿತ್ರಗಳನ್ನು ಮುಚ್ಚಿಟ್ಟ. “ಹಂಗಾದ್ರ ಹಿತ್ತಲದಾಗ ಗ್ವಾಡಿ ಕೆಡವಿ ಜಾಗಾ ಮಾಡೂಣು” ಎಂದ. ಅಮ್ಮಿ ಅದಕ್ಕೂ ಒಪ್ಪಲಿಲ್ಲ. “ಹಿತ್ತಲದಾಗ ಬಿಸಿಲು ಬಂದೀತು, ಮಂದಿ ಬರೂದಿಲ್ಲ” ಎಂದಳು.

ಅವಳಿಗೆ ಬೇಕಾದದ್ದು ಏನೆಂದು ಆಗ ಎಲ್ಲರಿಗೂ ತಿಳಿಯಿತು. ಬಿಸಿಲು ವೈದ್ಯರು ಬರೆದ ಔಷಧ. ಓಣಿ ಅವಳೇ ಬರೆದುಕೊಂಡ ಔಷಧ.

ಕೆಲಸಕ್ಕೆ ಸಿಕ್ಕಿದ ಗೌಂಡಿ ಐಹೊಳೆಯ ಕಡೆಯವನು, ವಯಸ್ಸಾದವನು. ಎಲ್ಲ ಕೇಳಿಸಿಕೊಂಡು, “ಲಾಡಖಾನ ಗುಡಿ ನೋಡೀರೇನ್ರಿ ಅಕ್ಕಾರ?” ಎಂದ. ಹುನಗುಂದ ತಾಲೂಕಿನವರಲ್ಲಿ ಅದನ್ನು ನೋಡದವರು ಯಾರು? ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋದಾಗ, ಗುಡಿಗೆ ನಮ್ಮವರ ಹೆಸರು ಹೇಗೆ ಬಂತೆಂದು ನಾವು ಹುಡುಗಿಯರು ಬೆರಗಾಗಿದ್ದೆವು. ಹಿಂದೊಂದು ಕಾಲದಲ್ಲಿ ಅದರಲ್ಲಿ ವಾಸವಾಗಿದ್ದ ಲಾಡಖಾನನ ಹೆಸರೇ ಗುಡಿಗೆ ಅಂಟಿಕೊಂಡಿತು, ಜನ ಅದನ್ನು ಬದಲಿಸಲು ಹೋಗಲಿಲ್ಲ. ಮೊದಲು ಅದನ್ನು 5ನೆಯ ಶತಮಾನದ್ದೆಂದು ಹೇಳುತ್ತಿದ್ದರು, ಈಗಿನ ವಿದ್ವಾಂಸರು 7 ಅಥವಾ 8ನೆಯ ಶತಮಾನದ್ದೆನ್ನುತ್ತಾರೆ. ಮುಂದೆ ಕಂಬಗಳ ಮುಖಮಂಟಪ, ಅದರ ಅಂಚಿಗೆ ಒರಗಿ ಕೂಡಲು ಕಲ್ಲಿನ ಆಸನ, ಹಿಂದೆ ಚೌಕಾಕಾರದ ಮಂಟಪ, ಅದರ ಗೋಡೆಗಳಲ್ಲಿ ಕಲ್ಲಿನ ಜಾಲಂಧ್ರ. ಚಾವಣಿಯ ಚಪ್ಪಡಿಗಳ ಸಂದುಗಳ ಮೇಲೆ ಕಟ್ಟಿಗೆಯ ತೊಲೆಯಂತೆ ಕಾಣುವ ಉದ್ದುದ್ದ ಕಲ್ಲುಗಳನ್ನು ಕೂಡಿಸಿದ್ದಾರೆ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲೂ ಮೊದಲು ಮೊಗಸಾಲೆ, ನಂತರ ಮಂಟಪ, ಕೊನೆಗೆ ಗರ್ಭಗುಡಿ. ಪೂರ್ತಿ ಒಳಗೂ ಅಲ್ಲದ ಪೂರ್ತಿ ಹೊರಗೂ ಅಲ್ಲದ ಜಾಗವೊಂದು ಮನುಷ್ಯರಿಗೆ ಬೇಕೆಂಬುದು ನಮ್ಮ ಸೀಮೆಯ ಕಲ್ಲುಕುಟಿಗರಿಗೆ ಅಂದೇ ಗೊತ್ತಿತ್ತು.

ಜಾಲಂಧ್ರ ಯಾವ ಒಂದು ಧರ್ಮದ ಸೊತ್ತೂ ಅಲ್ಲ. ಬಿಜಾಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲನ್ನು ಅರಬ್ಬೀ ಅಕ್ಷರಗಳ ಆಕಾರದಲ್ಲಿ ಕೊರೆದು, ಅಕ್ಷರಗಳ ನಡುವಿನಿಂದ ಬೆಳಕು ಬರುವಂತೆ ಕಿಟಕಿ ಮಾಡಿದ್ದಾರೆ. ಕೈರೋ ನಗರದ ಹಳೆಯ ಮನೆಗಳಲ್ಲಿ ಮಶ್ರಬಿಯಾ ಎಂಬ ಕಟ್ಟಿಗೆಯ ಜಾಲರಿ ಕಿಟಕಿಗಳಿವೆ. ಮಣ್ಣಿನ ಮನೆಗಳಿಗೆ ಮರ್ಯಾದೆ ತಂದುಕೊಟ್ಟ ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ ಅದರ ಕೆಲಸಗಳನ್ನು ವಿವರಿಸುತ್ತ, ಅದು ಕಣ್ಣು ಕುಕ್ಕುವ ಬೆಳಕನ್ನು ಪಳಗಿಸುತ್ತದೆ, ಗಾಳಿಯನ್ನು ಆಡಿಸುತ್ತದೆ, ಸೆಕೆ ತಗ್ಗಿಸುತ್ತದೆ, ಗಾಳಿಗೆ ತೇವ ಕೊಡುತ್ತದೆ, ಮರೆಯನ್ನೂ ಒದಗಿಸುತ್ತದೆ ಎಂದಿದ್ದಾರೆ. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ ಬರೀ ಇಟ್ಟಿಗೆಗಳನ್ನು ಸಂದು ಬಿಟ್ಟು ಜೋಡಿಸಿ, ಚೌಕಟ್ಟು ಗಾಜುಗಳ ಖರ್ಚಿಲ್ಲದೆ ಬಡವರ ಮನೆಗಳಿಗೂ ಜಾಲರಿ ಗೋಡೆ ಕಟ್ಟಿಕೊಟ್ಟರು.

ನಾನು ಬೇಕರರ ಮಾತೆತ್ತಿದಾಗ ಗೌಂಡಿ ತಲೆ ಅಲ್ಲಾಡಿಸಿದ. “ಇಟ್ಟಂಗಿ ದಪ್ಪ, ತೂತು ಸಣ್ಣದು. ಗಾಳಿ ಬರ್ತದರಿ, ಬಿಸಿಲು ಅರ್ಧಕ್ಕ ನಿಲ್ತದ. ಚಾಚಿಯಾರಿಗೆ ಬಿಸಿಲೂ ಬೇಕಲ್ರೀ?” ಎಂದ. ಕೊನೆಗೆ ಅವನೇ ಒಂದು ದಾರಿ ಹುಡುಕಿದ. ಬಲಗಡೆಯ ಕಟ್ಟೆಯನ್ನು ಮುಟ್ಟುವುದು ಬೇಡ. ಎಡಗಡೆಯ ಕಟ್ಟೆಗೆ ಮಾತ್ರ ಒಂದೂವರೆ ಅಡಿಯ ಗೋಡೆ, ಅದರ ಮೇಲೆ ಎರಡೂ ಪಕ್ಕಕ್ಕೆ ಇಟ್ಟಿಗೆಯ ಜಾಲರಿ. ನಟ್ಟನಡುವೆ ಮೂರು ಅಡಿ ಅಗಲದ ಕಿಟಕಿ. ಅದಕ್ಕೆ ತೆಳು ಸರಳು ಮತ್ತು ಕಟ್ಟಿಗೆಯ ಕದ, ಗಾಜಿಲ್ಲ. ಪಡಸಾಲೆಯಿಂದಲೇ ಅಲ್ಲಿಗೊಂದು ಬಾಗಿಲು. ಏಳು ಅಡಿ ಎತ್ತರಕ್ಕೆ ಎರಡು ಅಡಿ ಮುಂದೆ ಚಾಚಿದ ಛಜ್ಜಾ.

ಆ ಛಜ್ಜಾದ ಲೆಕ್ಕವನ್ನು ಹುಡುಗ ಕಂಪ್ಯೂಟರಿನಲ್ಲಿ ಹಾಕಿ ನೋಡಿ ತಾನೇ ಬೆರಗಾದ. ಇಳಕಲ್ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ತೆಂಕಣ ದಿಕ್ಕಿಗೆ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಛಜ್ಜಾದ ನೆರಳು ಗೋಡೆಯ ಮೇಲೆ ಎರಡೂವರೆ ಅಡಿಯಷ್ಟೇ ಇಳಿಯುತ್ತದೆ, ಅದರ ಕೆಳಗಿನ ಕಿಟಕಿಯಿಂದ ಬಿಸಿಲು ನೇರ ಒಳಗೆ ಬರುತ್ತದೆ. ಮಾರ್ಚ್ 21ರ ಹೊತ್ತಿಗೆ ಸೂರ್ಯ 74 ಡಿಗ್ರಿಗೆ ಏರಿರುತ್ತಾನೆ. ಆಗ ಅದೇ ಎರಡು ಅಡಿಯ ಛಜ್ಜಾ ಏಳು ಅಡಿ ಗೋಡೆಗೆ ಪೂರ್ತಿ ನೆರಳು ಕೊಡುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ಬಡಗಣಕ್ಕೇ ಸರಿದಿರುತ್ತಾನೆ. ಬೇಕಾದಾಗ ಬಿಸಿಲು, ಬೇಡವಾದಾಗ ನೆರಳು. ಇದು ತೆಂಕಣ ಗೋಡೆಗೆ ಮಾತ್ರ ಸಿಗುವ ಅನುಕೂಲ. ಪಡುವಣಕ್ಕೆ ಇಂಥ ಕೋಣೆ ಕಟ್ಟಿಸಿಕೊಂಡವರು ಸಂಜೆಯ ಓರೆ ಬಿಸಿಲಿಗೆ ಬೇಯಬೇಕಾಗುತ್ತದೆ, ಯಾವ ಛಜ್ಜಾವೂ ಅದನ್ನು ತಡೆಯಲಾರದು. ದಕ್ಷಿಣದ ಬಾಗಿಲು ಅಶುಭವೆಂದು ಹೆದರುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಹಳೆಯ ಮನೆಗೆ ಹೊಸದನ್ನು ಸೇರಿಸುವವರಿಗೆ ಉಪಯೋಗವಾದೀತೆಂದು ಗೌಂಡಿಯಿಂದ ಕಲಿತ ಇನ್ನೆರಡು ಮಾತು ಇಲ್ಲಿ ಹೇಳುತ್ತೇನೆ. ಮಣ್ಣಿನ ಗೋಡೆಗೂ ಹೊಸ ಗೋಡೆಗೂ ಹಲ್ಲು ಕೂಡಿಸಿ ಬಿಗಿಯಬಾರದು. ಹಳೆಯದು ಕೂತು ಗಟ್ಟಿಯಾಗಿರುತ್ತದೆ, ಹೊಸದು ಇನ್ನೂ ಕೂಡಬೇಕು. ಬಿಗಿದರೆ ಒಂದು ಇನ್ನೊಂದನ್ನು ಎಳೆದು ಬಿರುಕು ಬಿಡುತ್ತದೆ, ಆದ್ದರಿಂದ ನಡುವೆ ಸಣ್ಣ ಸಂದು ಬಿಟ್ಟು ಅದನ್ನು ಮೆತ್ತಗಿನ ವಸ್ತುವಿನಿಂದ ತುಂಬಬೇಕು. ಎರಡನೆಯದು, ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಬಾರದು. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಂಡು ಮೈಯಿಂದ ಆರಿಸಿಕೊಳ್ಳುತ್ತದೆ. ಸಿಮೆಂಟು ಆ ದಾರಿ ಮುಚ್ಚಿ, ತೇವ ಒಳಗೇ ಉಳಿದು ಗೋಡೆ ಸಡಿಲಾಗುತ್ತದೆ. ಅಲ್ಲಿಗೆ ಸುಣ್ಣದ ಗಾರೆಯೇ ಸರಿ. ಬಾಗಿಲಿಗಾಗಿ ಹಳೆಯ ಗೋಡೆ ಒಡೆಯುವಾಗ ಅವನು ಮೊದಲು ತೊಲೆಗೆ ಊರುಗೋಲು ಕೊಟ್ಟು, ಮೇಲೆ ಕಲ್ಲಿನ ಹಾಸು ಕೂಡಿಸಿದ ಮೇಲಷ್ಟೇ ಕೆಳಗಿನ ಕಲ್ಲು ತೆಗೆದ. ಕಟ್ಟೆಯ ಹಳೆಯ ಅಂಚಿನಿಂದ ಓಣಿಯ ಕಡೆಗೆ ಒಂದು ಬೆರಳೂ ಮುಂದೆ ಹೋಗಲಿಲ್ಲ.

ಕೆಲಸ ಮುಗಿದು ಒಂದೂವರೆ ವರ್ಷವಾಯಿತು. ಗಾಜಿನ ಕೋಣೆಗೆ ಕೇಳಿದ್ದ ಹಣದ ಮೂರನೆಯ ಒಂದು ಪಾಲಿನಲ್ಲೇ ಮುಗಿಯಿತು. ಗುಳಿಗೆ ನಡೆದೇ ಇದೆ, ಅಮ್ಮಿಯ ಮೊಣಕಾಲಿನ ನೋವು ಪೂರ್ತಿ ಹೋಗಿಲ್ಲ. ಆದರೆ ಈಗ ಯಾರ ಆಸರೆಯೂ ಇಲ್ಲದೆ ಗೋಡೆ ಹಿಡಿದು ಪಡಸಾಲೆ ದಾಟಿ ಹೋಗುತ್ತಾಳೆ. ಚಳಿಗಾಲದಲ್ಲಿ ಅಡುಗೆ ಮುಗಿಯುವ ಹೊತ್ತಿಗೆ ಕದ ತೆರೆದು ಕಾಲು ಚಾಚಿ, ಪಾದಗಳಿಗೆ ಬಿಸಿಲು ಕೊಟ್ಟು ಕೂಡುತ್ತಾಳೆ. ಮುಖಕ್ಕೆ ಬಿಸಿಲು ಬೇಕಾದರೆ ಮುಂದೆ ಸರಿಯುತ್ತಾಳೆ, ಗುರುತಿಲ್ಲದವರು ಬಂದರೆ ಜಾಲರಿಯ ಮರೆಗೆ ಸರಿಯುತ್ತಾಳೆ. ಕದದ ಚಿಲಕ ಒಳಗಡೆಗಿದೆ. ಎಷ್ಟು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಅವಳ ಬದುಕಿನಲ್ಲಿ ಮೊದಲ ಸಲ ಅವಳೇ ನಿರ್ಧರಿಸುತ್ತಿದ್ದಾಳೆ. ಪರದೆಯ ಬಗ್ಗೆ ನಮ್ಮಲ್ಲಿ ನಡೆಯುವ ವಾದವಿವಾದಗಳಲ್ಲಿ ನಾನು ಎಲ್ಲರನ್ನೂ ಕೇಳಬೇಕೆಂದಿರುವ ಪ್ರಶ್ನೆಯೂ ಅದೇ: ಚಿಲಕ ಯಾವ ಕಡೆಗಿದೆ?

ಬಲಗಡೆಯ ಕಟ್ಟೆ ಮೊದಲಿನಂತೆಯೇ ಇದೆ. ಕಾಯಿಪಲ್ಲೆ ಮಾರುವವಳು ಬುಟ್ಟಿ ಇಳಿಸುತ್ತಾಳೆ. ಮಗ್ಗ ನಿಲ್ಲಿಸಿದ ಪಕ್ಕದ ಮನೆಯ ಅಜ್ಜ ಸಂಜೆ ಬಂದು ಕೂಡುತ್ತಾನೆ. ಅವನ ಮಗ ಈಗ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗುತ್ತಾನೆ. ಐವತ್ತು ವರ್ಷ ಗೋಡೆಯ ಆಚೆ ಈಚೆ ಬದುಕಿದ ಆ ಅಜ್ಜನಿಗೂ ಅಮ್ಮಿಗೂ ಹಿಂದೆ ನೂಲಿನ ಲೆಕ್ಕವೂ ಮಕ್ಕಳ ಮೂಲಕವೇ ಆಗುತ್ತಿತ್ತು. ಈಗ ಜಾಲರಿಯ ಈಚೆಯಿಂದ ಅಮ್ಮಿ, “ಯಣ್ಣಾ, ಆಗ ನೀ ನನಗ ಹತ್ತು ಕಂಡಿಕಿ ರೊಕ್ಕ ಕಮ್ಮಿ ಕೊಟ್ಟಿ” ಎಂದು ಜಗಳ ತೆಗೆಯುತ್ತಾಳೆ. “ನಿಮ್ಮ ಕಂಡಿಕಿ ಅಷ್ಟ ಸಡ್ಲ ಇರ್ತಿದ್ವು ಚಾಚಿ” ಎಂದು ಅವನು ನಗುತ್ತಾನೆ.

ಹಬ್ಬಕ್ಕೆ ಬಂದಿದ್ದ ಅಣ್ಣನ ಮಗ ಇದನ್ನೆಲ್ಲ ನೋಡುತ್ತ ಬಾಗಿಲಲ್ಲಿ ನಿಂತಿದ್ದ. ಏನನ್ನೂ ಹೇಳಲಿಲ್ಲ. ಹೋಗುವ ದಿನ ಬೆಳಿಗ್ಗೆ ಬಲಗಡೆಯ ಕಟ್ಟೆಯ ಮೇಲೆ ಎದ್ದಿದ್ದ ಫರಸಿಯೊಂದನ್ನು ಗೌಂಡಿಯನ್ನು ಕರೆಸಿ ಕೂಡಿಸಿ ಹೋದ. ಕೂತವರಿಗೆ ಚುಚ್ಚುತ್ತಿತ್ತಂತೆ.